ಮೀನಿಗೆ ಏಣಿಯಷ್ಟೇ ಸಾಲದು, ಹರಿಯುವ ನದಿಯೂ ಬೇಕು

ಚಿತ್ರದುರ್ಗ: ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರವು ಶತಮಾನಕ್ಕೂ ಮಿಗಿಲಾಗಿ ವೇದಾವತಿಗೆ ಅಡ್ಡಲಾಗಿ ನಿಂತಿದೆ. 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ ಈ ಅಣೆಕಟ್ಟೆಯಲ್ಲಿ ಮೀನುಗಳು ಮೇಲೇರಲು ದಾರಿ ಇಲ್ಲ. ಹೊರದೇಶಗಳ ಜಲವಿದ್ಯುತ್ ಅಣೆಕಟ್ಟೆಗಳಲ್ಲಿ ಮೀನಿನ ಹಾದಿಯನ್ನು ಮರಳಿ ತೆರೆಯಲಾಗುತ್ತಿದೆ. ಅದು ಇಲ್ಲಿಯೂ ಸಾಧ್ಯವೇ?

ಮೀನು ಏಕೆ ಹತ್ತುತ್ತದೆ?

ಮುಂಗಾರಿನ ಹೊಸ ನೀರು ಬಂದೊಡನೆ ಹಲವು ಜಾತಿಯ ಮೀನುಗಳು ಪ್ರವಾಹಕ್ಕೆ ಎದುರಾಗಿ ಈಜಿ, ಆಳವಿಲ್ಲದ ಜಾಗಗಳಲ್ಲಿ ಮೊಟ್ಟೆ ಇಡುತ್ತವೆ. ಮಲೆನಾಡಿನವರು ಇವನ್ನೇ 'ಹತ್ತುಮೀನು' ಎನ್ನುತ್ತಾರೆ. ಅಣೆಕಟ್ಟೆ ಈ ಪಯಣವನ್ನು ತುಂಡರಿಸುತ್ತದೆ. ಗಂಗಾ ನದಿಗೆ 1975ರಲ್ಲಿ ಫರಕ್ಕಾ ಬ್ಯಾರೇಜ್ ಬಂದ ಬಳಿಕ ಅದರ ಮೇಲ್ಭಾಗದಲ್ಲಿ ಹಿಲ್ಸಾ ಮೀನಿನ ಇಳುವರಿ ಕುಸಿಯಿತು. ತುಂಗಭದ್ರಾ ಜಲಾಶಯದ ಆರಂಭದ ವರ್ಷಗಳಲ್ಲಿ ಹೇರಳವಾಗಿ ಸಿಗುತ್ತಿದ್ದ ಹರಗಿ ಮೀನು ನಂತರ ಅಪರೂಪವಾಯಿತು.

ಏಣಿ, ಲಿಫ್ಟ್, ಬದಿಗಾಲುವೆ

ಅಮೆರಿಕದ ಕೊಲಂಬಿಯಾ ನದಿಯ ಬಾನೆವಿಲ್ ಅಣೆಕಟ್ಟೆಯಲ್ಲಿ 1938ರಿಂದಲೂ 'ಮೀನಿನ ಏಣಿ' ಇದೆ. ಸಾಮನ್ ಮೀನುಗಳು ಮೆಟ್ಟಿಲಿನಂತಿರುವ ತೊಟ್ಟಿಗಳನ್ನು ಒಂದೊಂದಾಗಿ ಏರುತ್ತವೆ. ನಮ್ಮ ಗೆಂಡೆ ಜಾತಿಯ ಮೀನುಗಳಿಗೆ ಅಷ್ಟು ಕಡಿದಾದ ಏರು ಒಗ್ಗದು. ಇಳಿಜಾರು ಕಡಿಮೆ ಇರುವ ಬದಿಗಾಲುವೆ ಲೇಸು. ಎತ್ತರದ ಅಣೆಕಟ್ಟೆಗಳಲ್ಲಿ ಮೀನನ್ನು ಲಿಫ್ಟ್‌ನಲ್ಲಿ ಮೇಲೆತ್ತುವುದುಂಟು. ಕೆಳಗಿಳಿಯುವ ಮರಿಗಳು ಟರ್ಬೈನ್‌ಗೆ ಸಿಲುಕದಂತೆ ಜಾಲರಿಯನ್ನೂ ಅಳವಡಿಸಬೇಕು. ಅಮೆರಿಕದ ಕ್ಲಾಮತ್ ನದಿಯಲ್ಲಿ 4 ಜಲವಿದ್ಯುತ್ ಅಣೆಕಟ್ಟೆಗಳನ್ನೇ ಒಡೆಯಲಾಯಿತು. 2024ರಲ್ಲಿ ಆ ಕೆಲಸ ಮುಗಿದ ಕೆಲವೇ ವಾರಗಳಲ್ಲಿ ಸಾಮನ್‌ಗಳು ಮೇಲ್ಭಾಗಕ್ಕೆ ಮರಳಿದವು.

ಮಾರಿಕಣಿವೆಯ ಸ್ಥಿತಿ

ವಾಣಿವಿಲಾಸ ಸಾಗರ ಕಟ್ಟಿದ್ದು ನೀರಾವರಿಗಾಗಿ. 130 ಅಡಿಯ ಗರಿಷ್ಠ ಮಟ್ಟ ಮೀರಿ 1933ರಲ್ಲಿ ಕೋಡಿ ಬಿದ್ದ ಬಳಿಕ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಂತರ 2025ರ ಜನವರಿಯಲ್ಲಿ. ನಡುವಿನ 89 ವರ್ಷ ಏಣಿ ಇದ್ದಿದ್ದರೂ ಅದರ ಮೆಟ್ಟಿಲುಗಳು ಒಣಗಿಯೇ ಇರುತ್ತಿದ್ದವು. ಕೆಳಭಾಗದಲ್ಲಿ, ಆಂಧ್ರದ ಅನಂತಪುರ ಜಿಲ್ಲೆಯಲ್ಲಿ, ಭೈರವಾನಿತಿಪ್ಪ ಜಲಾಶಯ ಇನ್ನೊಂದು ತಡೆ. ಆದ್ದರಿಂದ ಇಲ್ಲಿ ದುಬಾರಿ ಏಣಿಯಿಂದ ಹೆಚ್ಚಿನ ಫಲ ನಿರೀಕ್ಷಿಸಲಾಗದು.

ಹೊಸದುರ್ಗದ ಕಡೆ ಅವಕಾಶ

ಸಾಧ್ಯತೆ ಇರುವುದು ಜಲಾಶಯದ ಮೇಲ್ಭಾಗದಲ್ಲಿ. ಕಡೂರು ಕಡೆಯಿಂದ ಬರುವ ವೇದಾವತಿ ಹೊಸದುರ್ಗ ತಾಲ್ಲೂಕನ್ನು ಹಾದು ಜಲಾಶಯ ಸೇರುತ್ತದೆ. ನದಿ ತುಂಬಿ ಹರಿದಾಗ ಹಿನ್ನೀರಿನ ಮೀನು ಹತ್ತಬೇಕಾದ ದಾರಿ ಇದೇ. ಕೆಲ್ಲೋಡು ಮೊದಲಾದೆಡೆಯ ಬ್ಯಾರೇಜ್, ಚೆಕ್‌ಡ್ಯಾಂಗಳು ಅಲ್ಲಿ ಅಡ್ಡ ನಿಲ್ಲುತ್ತವೆ. ಇಂತಹ ತಗ್ಗು ತಡೆಗಳಿಗೆ ಕಲ್ಲು ಜೋಡಿಸಿದ ಇಳಿಜಾರು ಅಥವಾ ಸಣ್ಣ ಬದಿಗಾಲುವೆ ಸಾಕಾಗಬಹುದು. ಲಾವೋಸ್‌ನಲ್ಲಿ ಮೆಕಾಂಗ್ ಬಯಲಿನ ತಗ್ಗು ತಡೆಗಳಿಗೆ ಮೀನಿನ ಹಾದಿ ನಿರ್ಮಿಸಿ ಪ್ರಯೋಜನ ಕಂಡುಕೊಳ್ಳಲಾಗಿದೆ. ಗೇಟ್‌ಗಳಿರುವಲ್ಲಿ ಮೊದಲ ಪ್ರವಾಹದ ದಿನಗಳಲ್ಲಿ ಅವನ್ನು ತೆರೆದಿಡುವುದು ಇನ್ನೂ ಸುಲಭ. ಹಾದಿಯ ಬಾಯಲ್ಲಿ ಬಲೆ ಒಡ್ಡದಂತೆ ಮಾತ್ರ ಕಾವಲು ಬೇಕು.

ಭದ್ರಾ ಮೇಲ್ದಂಡೆ ಯೋಜನೆಯ ನೀರು ಅಜ್ಜಂಪುರದ ಸುರಂಗ ದಾಟಿ ವೇದಾವತಿಗೆ ಹರಿಯುತ್ತಿರುವುದರಿಂದ ನದಿಯ ಈ ಭಾಗಕ್ಕೆ ನೀರಿನ ಆಸರೆಯೂ ಸಿಕ್ಕಿದೆ. ಮೀನುಗಳು ಮೊಟ್ಟೆ ಇಡುವ ಕಾಲಕ್ಕೆ ಆ ಹರಿವು ಹೊಂದಿಕೆಯಾದರೆ ಲಾಭ ಇಮ್ಮಡಿ.

ಇದು ಮೀನುಗಾರರ ಜೀವನೋಪಾಯದ ಪ್ರಶ್ನೆಯೂ ಹೌದು. ರಾಜ್ಯದ ಜಲಾಶಯಗಳಿಗೆ ಬಿತ್ತುವ ಕಾಟ್ಲಾ, ರೋಹು, ಮೃಗಾಲ್ ನಿಂತ ನೀರಿನಲ್ಲಿ ಸುಲಭವಾಗಿ ಸಂತಾನ ಬೆಳೆಸವು. ಹಾಗಾಗಿ ಮರಿಗಳನ್ನು ಮತ್ತೆ ಮತ್ತೆ ತಂದು ಬಿಡಬೇಕು. ಊರಿನ ಮೀನಿಗೆ ದಾರಿ ಸಿಕ್ಕರೆ ಅದು ತಾನೇ ಮರಿ ಮಾಡಿಕೊಳ್ಳುತ್ತದೆ. ಯಾವ ಚೆಕ್‌ಡ್ಯಾಂ ಬುಡದಲ್ಲಿ ಯಾವ ಮೀನು ಬಂದು ನಿಲ್ಲುತ್ತದೆ ಎಂಬುದನ್ನು ಮುಂಗಾರಿನ ಮೊದಲ ಪ್ರವಾಹದಲ್ಲಿ ದಾಖಲಿಸುವುದೇ ಇದಕ್ಕೆ ಮೊದಲ ಹೆಜ್ಜೆ.