ಟಿಡಿಎಸ್ ಲೆಕ್ಕಕ್ಕೆ ಡಿಜಿಟಲ್ ಸಹಿ

ಸಂಬಳ, ಬಾಡಿಗೆ, ವಕೀಲರ ಶುಲ್ಕದಂಥ ಪಾವತಿಗಳಲ್ಲಿ ಹಣ ಕೊಡುವವರೇ ತೆರಿಗೆಯನ್ನು ಮುರಿದುಕೊಂಡು ಸರ್ಕಾರಕ್ಕೆ ಕಟ್ಟುವ ಪದ್ಧತಿಯೇ ಟಿಡಿಎಸ್. ದೆಹಲಿಯ ಆರ್.ಕೆ.ಪುರಂನ ಭಿಕಾಜಿ ಕಾಮಾ ಪ್ಲೇಸ್‌ನಲ್ಲಿ ಕಚೇರಿ ಹಿಡಿದ ಕಂಪನಿಯೊಂದು ತಿಂಗಳಿಗೆ 80,000 ರೂಪಾಯಿ ಬಾಡಿಗೆ ಕೊಡುತ್ತಿದ್ದರೆ, ಶೇ 10ರಂತೆ 8,000 ರೂಪಾಯಿ ಹಿಡಿದುಕೊಂಡು ಸಾಮಾನ್ಯವಾಗಿ ಮುಂದಿನ ತಿಂಗಳ 7ರೊಳಗೆ ಕಟ್ಟಬೇಕು. ಯಾರ ಪ್ಯಾನ್‌ಗೆ ಎಷ್ಟು ಜಮೆ ಎಂಬ ವಿವರಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. 1961ರ ಆದಾಯ ತೆರಿಗೆ ಕಾಯ್ದೆಯಡಿ ಸಂಬಳಕ್ಕೆ 24ಕ್ಯೂ, ಬಾಡಿಗೆಗೆ 26ಕ್ಯೂ ನಮೂನೆ. 2026ರ ಏಪ್ರಿಲ್ 1ರಿಂದ ಅನ್ವಯವಾಗುವ ಹೊಸ ಕಾಯ್ದೆಯಲ್ಲಿ ಈ ಸಂಖ್ಯೆಗಳು ಬೇರೆ. ಪಟ್ಟಿಗಳ ಪರಿಶೀಲನೆ ನಡೆಯುವುದು ಗಾಜಿಯಾಬಾದಿನ ವೈಶಾಲಿಯ ಟಿಡಿಎಸ್ ಕೇಂದ್ರದಲ್ಲಿ. ಪಟ್ಟಿ ಸಲ್ಲಿಕೆ ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ ಬೀಳುತ್ತದೆ. ಅದಕ್ಕಿಂತ ದೊಡ್ಡ ಅನ್ಯಾಯವೆಂದರೆ, ಕಟ್ಟಡದ ಮಾಲೀಕರ ಹಣದಿಂದ ಕಡಿತವಾದ ತೆರಿಗೆ ಪಟ್ಟಿ ಸಲ್ಲಿಸುವವರೆಗೆ ಅವರ ಲೆಕ್ಕದಲ್ಲಿ ಕಾಣಿಸುವುದೇ ಇಲ್ಲ.

ಹಿಂದೆ ಫೈಲಿನ ಜೊತೆ 27ಎ ಎಂಬ ಕಾಗದಕ್ಕೆ ಸಹಿ ಹಾಕಿ ಸ್ವೀಕಾರ ಕೇಂದ್ರಕ್ಕೆ ಒಯ್ಯಬೇಕಿತ್ತು. ಡಿಜಿಟಲ್ ಸಹಿ ಆ ಓಡಾಟವನ್ನು ತಪ್ಪಿಸಿತು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಇದಕ್ಕೆ ಕೈಸಹಿಯಷ್ಟೇ ಮಾನ್ಯತೆ ಕೊಟ್ಟಿದೆ. ಸಹಿಯ ಪ್ರಮಾಣಪತ್ರ ಕೊಡುವುದು ಪರವಾನಗಿ ಪಡೆದ ಸಂಸ್ಥೆಗಳು. ಬೆಂಗಳೂರಿನ ಇಮುದ್ರಾ ಅವುಗಳಲ್ಲೊಂದು. 2021ರ ಜನವರಿಯಿಂದ ಎರಡನೇ ದರ್ಜೆಯ ಪ್ರಮಾಣಪತ್ರ ನಿಂತು, ಮೂರನೇ ದರ್ಜೆಯದೇ ಚಾಲ್ತಿಯಲ್ಲಿದೆ.

ಸಹಿಯ ಗುಟ್ಟು ಪೆನ್‌ಡ್ರೈವ್ ಆಕಾರದ ಟೋಕನ್‌ನಲ್ಲಿದೆ. ಅದರೊಳಗಿನ ಖಾಸಗಿ ಕೀಲಿ ಹೊರಗೆ ನಕಲಾಗುವುದಿಲ್ಲ. ಟೋಕನ್ ಚುಚ್ಚಿ ಪಿನ್ ಒತ್ತಿದಾಗ, ತಂತ್ರಾಂಶವು ಇಡೀ ಫೈಲಿನಿಂದ ಒಂದು ಚಿಕ್ಕ ಸಂಕೇತ ತೆಗೆಯುತ್ತದೆ. ಕೀಲಿ ಅದಕ್ಕೆ ಮುದ್ರೆ ಒತ್ತುತ್ತದೆ. ಇಲಾಖೆ ಅದನ್ನು ಪ್ರಮಾಣಪತ್ರದಲ್ಲಿರುವ ಸಾರ್ವಜನಿಕ ಕೀಲಿಯಿಂದ ತಾಳೆ ನೋಡುತ್ತದೆ. ಸಹಿಯಾದ ಮೇಲೆ 8,000ವನ್ನು ಯಾರಾದರೂ 3,000 ಎಂದು ತಿದ್ದಿದರೆ ತಾಳೆ ತಪ್ಪುತ್ತದೆ. ಕಾಗದದ ಸಹಿಗೆ ಈ ಶಕ್ತಿಯಿಲ್ಲ.

ಇಷ್ಟು ಗಟ್ಟಿಯಾದ ವ್ಯವಸ್ಥೆ ಸಡಿಲವಾಗುವುದು ಮನುಷ್ಯರ ರೂಢಿಯಿಂದ. ಎಷ್ಟೋ ಸಣ್ಣ ಕಂಪನಿಗಳ ಟೋಕನ್ ಆಡಿಟರ್ ಕಚೇರಿಯ ಡ್ರಾಯರ್‌ನಲ್ಲಿರುತ್ತದೆ, ಪಿನ್ ಬರೆದ ಚೀಟಿಯೂ ಅದಕ್ಕೇ ಅಂಟಿರುತ್ತದೆ. ಕೀಲಿಯನ್ನು ತನ್ನ ಹಿಡಿತದಲ್ಲೇ ಇಟ್ಟುಕೊಳ್ಳುವುದು ಸಹಿದಾರರ ಹೊಣೆ ಎಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 42ನೇ ಕಲಂ ಹೇಳುತ್ತದೆ. ಆಡಿಟರ್ ಎಷ್ಟೇ ನಂಬಿಗಸ್ತರಾದರೂ ಆ ಹೊಣೆ ವರ್ಗವಾಗುವುದಿಲ್ಲ. ಫೈಲ್ ಅವರು ಸಿದ್ಧಪಡಿಸಲಿ, ಪಿನ್ ಸಹಿದಾರರೇ ಒತ್ತಬೇಕು. ಟೋಕನ್ ಕಳೆದರೆ ಪ್ರಮಾಣಪತ್ರ ಕೊಟ್ಟ ಸಂಸ್ಥೆಗೆ ಕೂಡಲೇ ತಿಳಿಸಿ ಅದನ್ನು ರದ್ದುಪಡಿಸಬೇಕು.

ಪ್ರಮಾಣಪತ್ರದ ಅವಧಿ ಸಾಮಾನ್ಯವಾಗಿ ಒಂದರಿಂದ ಮೂರು ವರ್ಷ. ನವೀಕರಿಸಿದ ಮೇಲೆ ಇಲಾಖೆಯ ಪೋರ್ಟಲ್‌ನಲ್ಲಿ ಮತ್ತೆ ನೋಂದಾಯಿಸಬೇಕು, ಅದರಲ್ಲಿನ ಪ್ಯಾನ್ ಸಹಿದಾರರ ಪ್ಯಾನ್‌ಗೆ ಹೊಂದಬೇಕು. ಸಹಿ ಹಾಕುತ್ತಿದ್ದ ನಿರ್ದೇಶಕರು ಕಂಪನಿ ಬಿಟ್ಟರೆ ಅವರ ಟೋಕನ್ ಬಳಸುವಂತಿಲ್ಲ; ಹೊಸಬರು ತಮ್ಮ ಹೆಸರಿನಲ್ಲೇ ಪ್ರಮಾಣಪತ್ರ ಪಡೆಯಬೇಕು.