ಸದ್ದಿಲ್ಲದ ದೋಷ

ಓಲೆಗರಿಯ ಕಾಲದಲ್ಲಿ ಒಂದು ಕಾವ್ಯವು ಉಳಿಯಬೇಕಾದರೆ ಲಿಪಿಕಾರರು ಅದನ್ನು ಮತ್ತೆ ಮತ್ತೆ ಪ್ರತಿಮಾಡಬೇಕಾಗಿತ್ತು. ಗರಿಯನ್ನು ಹುಳು ತಿಂದರೆ ಕಣ್ಣಿಗೆ ಕಾಣುತ್ತದೆ. ಒಂದು ಅಕ್ಷರ ತಪ್ಪಿದರೆ ಸುಲಭವಾಗಿ ಕಾಣದು. ಮುಂದಿನ ಲಿಪಿಕಾರನು ಆ ತಪ್ಪನ್ನೂ ಶ್ರದ್ಧೆಯಿಂದ ಪ್ರತಿಮಾಡುತ್ತಾನೆ. ಇಂದಿನ ಗಣಕಯಂತ್ರಗಳ ಭಂಡಾರಕ್ಕೂ ಈ ಎರಡು ಬಗೆಯ ಅಪಾಯಗಳುಂಟು.

ಗಣಕಯಂತ್ರವು ಬರಹ, ಚಿತ್ರ, ಲೆಕ್ಕ ಎಲ್ಲವನ್ನೂ 0 ಮತ್ತು 1 ಎಂಬ ಎರಡೇ ಅಂಕಿಗಳ ಸಾಲಾಗಿಸಿ ಕಡತಗಳಲ್ಲಿ ಇಡುತ್ತದೆ. ಇಂಥ ಒಂದೊಂದು ಅಂಕಿಯೂ ಒಂದು ಬಿಟ್. ಡಿಸ್ಕ್ ಕೆಟ್ಟರೆ ಸರ್ವವೂ ನಷ್ಟವಾದೀತೆಂದು ಮುಖ್ಯವಾದ ಕಡತಗಳನ್ನು ಏಕಕಾಲಕ್ಕೆ ಎರಡು ಡಿಸ್ಕುಗಳಲ್ಲಿ ಬರೆದಿಡುವುದುಂಟು. ಹೀಗೆ ಹಲವು ಡಿಸ್ಕುಗಳನ್ನು ಒಂದಕ್ಕೊಂದು ಆಸರೆಯಾಗಿ ಜೋಡಿಸುವ ಕ್ರಮಗಳನ್ನು ಅಮೆರಿಕದ ಬರ್ಕ್ಲಿಯ ಪ್ಯಾಟರ್‌ಸನ್, ಗಿಬ್ಸನ್ ಮತ್ತು ಕಾಟ್ಜ್ 1988ರ ತಮ್ಮ ಪ್ರಬಂಧದಲ್ಲಿ 'ರೇಡ್' ಎಂಬ ಹೆಸರಿನಿಂದ ವಿವರಿಸಿದರು. ಒಂದು ಡಿಸ್ಕ್ ನಿಂತುಹೋದರೆ ಇನ್ನೊಂದು ಕೆಲಸವನ್ನು ಮುಂದುವರಿಸುತ್ತದೆ.

ಆದರೆ ಡಿಸ್ಕ್ ನಿಲ್ಲದೆಯೇ ತಪ್ಪು ಹೇಳತೊಡಗಿದರೆ? ಕೆಟ್ಟ ತಂತಿ, ಡಿಸ್ಕನ್ನು ನಡೆಸುವ ಆದೇಶಗಳಲ್ಲಿನ ದೋಷ, ಸ್ಮೃತಿಕೋಶಕ್ಕೆ ತಗುಲಿದ ವಿಕಿರಣ ಇವುಗಳಿಂದ ಬಿಟ್ ಬದಲಾಗಬಹುದು. ಚಿಪ್ಪಿನ ಹೊದಿಕೆಯಲ್ಲಿದ್ದ ಅತ್ಯಲ್ಪ ವಿಕಿರಣಶೀಲ ಧಾತುಗಳು ಸೂಸುವ ಆಲ್ಫಾ ಕಣಗಳು ಕೂಡ ಹೀಗೆ ಮಾಡಬಲ್ಲವೆಂಬುದು 1970ರ ದಶಕದ ಕೊನೆಯಲ್ಲಿ ಪತ್ತೆಯಾಯಿತು. ಯಂತ್ರವು ಯಾವ ಎಚ್ಚರಿಕೆಯನ್ನೂ ಕೊಡದು. ರೈತನ ಪಹಣಿಯಲ್ಲಿ ಜಮೀನಿನ ವಿಸ್ತೀರ್ಣ, ರೋಗಿಯ ದಾಖಲೆಯಲ್ಲಿ ಔಷಧದ ಪ್ರಮಾಣ ಬದಲಾದರೆ ಗತಿಯೇನು? ಎರಡು ಪ್ರತಿಗಳು ಎರಡು ಬಗೆಯಾಗಿ ನುಡಿದಾಗ ಯಾವುದನ್ನು ನಂಬಬೇಕು?

ಇದಕ್ಕೆ ಉತ್ತರದ ಸುಳಿವು ನಮ್ಮ ಛಂದಸ್ಸಿನಲ್ಲಿಯೇ ಇದೆ. ಕಂದಪದ್ಯದ ಒಂದನೆಯ ಮತ್ತು ಮೂರನೆಯ ಪಾದಗಳಲ್ಲಿ 12, ಎರಡನೆಯ ಮತ್ತು ನಾಲ್ಕನೆಯ ಪಾದಗಳಲ್ಲಿ 20 ಮಾತ್ರೆಗಳಿರಬೇಕು. ಎರಡು ಓಲೆಪ್ರತಿಗಳಲ್ಲಿ ಭೇದವಿದ್ದು, ಒಂದರ ಎರಡನೆಯ ಪಾದದಲ್ಲಿ 19 ಮಾತ್ರೆಗಳಷ್ಟೇ ಇದ್ದರೆ ದೋಷ ಎಲ್ಲಿದೆಯೆಂಬುದನ್ನು ಮಾತ್ರೆಯೇ ಹೇಳುತ್ತದೆ. ಗಣಕಯಂತ್ರದಲ್ಲಿ ಈ ಸಾಕ್ಷಿಯ ಹೆಸರು ಚೆಕ್‌ಸಮ್, ಅಂದರೆ ತಾಳೆಮೊತ್ತ. ಕಡತದ ಬಿಟ್ಟುಗಳಿಂದ ಒಂದು ಸಂಖ್ಯೆಯನ್ನು ಲೆಕ್ಕಹಾಕಿ ಬೇರೆಡೆ ಬರೆದಿಡುತ್ತಾರೆ. ಓದುವಾಗ ಅದೇ ಲೆಕ್ಕವನ್ನು ಪುನಃ ಮಾಡಿದಾಗ ತಾಳೆಯಾಗದ ಪ್ರತಿಯನ್ನು ತಾಳೆಯಾದ ಪ್ರತಿಯಿಂದ ತಿದ್ದಬಹುದು. ಲಘುವಿನ ಸ್ಥಾನದಲ್ಲಿ ಬೇರೊಂದು ಲಘು ಬಂದರೆ ಮಾತ್ರೆ ತಪ್ಪುವುದಿಲ್ಲ. ಆದುದರಿಂದ ತಾಳೆಮೊತ್ತದ ಲೆಕ್ಕವು ಮಾತ್ರೆಯ ಎಣಿಕೆಗಿಂತ ಬಹಳ ಸೂಕ್ಷ್ಮವಾಗಿರಬೇಕಾಗುತ್ತದೆ.

ಇಷ್ಟಾದರೂ, ಯಾರೂ ತೆರೆಯದ ಕಡತದ ದೋಷವು ವರ್ಷಗಟ್ಟಲೆ ಅಡಗಿರಬಹುದು. ಅಷ್ಟರಲ್ಲಿ ಕೆಟ್ಟ ಪ್ರತಿಯೇ ಒಳ್ಳೆಯ ಪ್ರತಿಯ ಸ್ಥಾನವನ್ನು ಆಕ್ರಮಿಸೀತು. ಆದುದರಿಂದ ಬಲ್ಲವರು ಎಲ್ಲ ಕಡತಗಳನ್ನೂ ಆಗಾಗ ಓದಿಸಿ ತಾಳೆ ನೋಡುತ್ತಾರೆ. ಹಳೆಯ ಪ್ರತಿಗಳನ್ನು ಅವಸರದಿಂದ ಅಳಿಸುವುದಿಲ್ಲ. ಪ್ರತಿಗಳನ್ನು ಹೆಚ್ಚಿಸಿದ ಮಾತ್ರಕ್ಕೆ ಸತ್ಯವು ಉಳಿಯುವುದಿಲ್ಲ. ಅವುಗಳನ್ನು ಪರೀಕ್ಷಿಸುವವರೂ ಇರಬೇಕು.