ಹಿತ್ತಲಲ್ಲಿ ಹಾಟ್ ಟಬ್: ನೀರು ಕಾಯಿಸಿದರೆ ಸಾಲದು, ಕಾಯಲೂ ಬೇಕು

ಅಮೆರಿಕದಲ್ಲಿ ಮನೆ ಕೊಳ್ಳಲು ಹೊರಟ ಗೆಳೆಯರು ಆಗಾಗ ಕೇಳುವ ಪ್ರಶ್ನೆ ಇದು: "ಈ ಮನೆ ಹಿತ್ತಲಲ್ಲಿ ಒಂದು ಹಾಟ್ ಟಬ್ ಇದೆ ಕಣೋ. ಇಟ್ಕೊಳ್ಳೋದಾ, ತೆಗೆಸಿಬಿಡೋದಾ?"

ಸಿಯಾಟಲ್‌ನ ಜಿಟಿಜಿಟಿ ಮಳೆಯಲ್ಲಿ, 39 ಡಿಗ್ರಿ ಬಿಸಿನೀರಲ್ಲಿ ಕುತ್ತಿಗೆವರೆಗೆ ಮುಳುಗಿ ಕೂರೋದು ಯಾರಿಗೆ ಬೇಡ? ಹಾಗಾಗಿ ನನ್ನ ಉತ್ತರ, ಇಟ್ಕೊಳ್ಳಿ. ಆದರೆ ನಮ್ಮ ಬಚ್ಚಲಿನ ಹಂಡೆಯ ಲೆಕ್ಕ ಇಲ್ಲಿ ನಡೆಯೋಲ್ಲ. ಹಂಡೆ ನೀರು ಮೈಮೇಲೆ ಬಿದ್ದು, ಹರಿದು, ತೆಂಗಿನ ಬುಡ ಸೇರಿಬಿಡುತ್ತೆ. ಟಬ್ಬಿನ ನೀರು ಮೂರು-ನಾಲ್ಕು ತಿಂಗಳು ಅಲ್ಲೇ ಸುತ್ತುತ್ತಿರುತ್ತೆ. ಇವತ್ತು ನೀವು ಕೂತ ನೀರಲ್ಲೇ ಮುಂದಿನ ವಾರ ನೆಂಟರು ಕೂರುತ್ತಾರೆ. ಅಂದರೆ ನಿಮ್ಮ ಪಾಲಿಗೆ ಬಂದಿರೋದು ಸ್ನಾನದ ತೊಟ್ಟಿಯಲ್ಲ, ನೀರು ಶುದ್ಧ ಮಾಡುವ ಒಂದು ಪುಟ್ಟ ಘಟಕ.

ಭಾರ, ಕರೆಂಟು, ಮುಚ್ಚಳ

ನಾಲ್ಕೈದು ಜನ ಕೂರುವ ಟಬ್ಬಿಗೆ ಸುಮಾರು 1,400 ಲೀಟರ್ ನೀರು ಬೇಕು. ನೀರೇ 1.4 ಟನ್ ಆಯ್ತು. ಟಬ್ಬು, ಜನ ಸೇರಿದರೆ ಎರಡು ಟನ್ ದಾಟುತ್ತೆ. ಕೆಳಗೆ ಗಟ್ಟಿ ಕಾಂಕ್ರೀಟ್ ನೆಲ ಇರಲಿ. ಮರದ ಡೆಕ್ ಮೇಲೆ ಇಡೋದಾದರೆ ಮೊದಲು ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ.

ಆ ನೀರನ್ನು 15ರಿಂದ 39 ಡಿಗ್ರಿಗೆ ಕಾಯಿಸಲು ಸುಮಾರು 39 ಯೂನಿಟ್ ಕರೆಂಟು ಬೇಕು. ಮಾಮೂಲಿ 120 ವೋಲ್ಟ್ ಪ್ಲಗ್ಗಿನ ಟಬ್ಬಲ್ಲಿ ಹೀಟರ್ ಒಂದು ಕಿಲೋವ್ಯಾಟ್‌ನದಾದರೆ ಒಂದೂವರೆ ದಿನಕ್ಕಿಂತ ಹೆಚ್ಚು ಹಿಡಿಯುತ್ತೆ. 240 ವೋಲ್ಟ್‌ನ ಐದೂವರೆ ಕಿಲೋವ್ಯಾಟ್ ಹೀಟರ್ ಏಳೆಂಟು ಗಂಟೆಯಲ್ಲಿ ಮುಗಿಸುತ್ತೆ. 240 ವೋಲ್ಟ್‌ಗೆ ಬೇರೆ ಸರ್ಕಿಟ್, ಜಿಎಫ್‌ಸಿಐ ಬ್ರೇಕರ್, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಮೂರೂ ಬೇಕು. ನೀರು ಮತ್ತು ಕರೆಂಟು ಒಂದೇ ಕಡೆ ಇರುವಾಗ ಯೂಟ್ಯೂಬ್ ನೋಡಿ ವೈರಿಂಗ್ ಮಾಡೋ ಸಾಹಸ ಬೇಡ.

ಒಮ್ಮೆ ಕಾದ ನೀರಿನ ಬಿಸಿ ಉಳಿಸೋದು ಮುಚ್ಚಳದ ಕೆಲಸ. ಎತ್ತುವಾಗ ಮೊದಲಿಗಿಂತ ಭಾರ ಅನ್ನಿಸಿದರೆ ಒಳಗಿನ ಫೋಮ್ ನೀರು ಕುಡಿದಿದೆ ಅಂತ ಅರ್ಥ. ಬದಲಾಯಿಸಿ, ಇಲ್ಲದಿದ್ದರೆ ಆ ದುಡ್ಡು ಕರೆಂಟ್ ಬಿಲ್ಲಿನಲ್ಲಿ ಹೋಗುತ್ತೆ.

ಮೂರು ನಂಬರು ನೆನಪಿರಲಿ

ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ ಹೇಳುವ ಪ್ರಕಾರ ಪಿಎಚ್ 7.0ರಿಂದ 7.8ರ ಒಳಗಿರಬೇಕು. ಕ್ಲೋರಿನ್ ಕನಿಷ್ಠ 3 ಪಿಪಿಎಂ, ಬ್ರೋಮಿನ್ ಬಳಸೋದಾದರೆ ಕನಿಷ್ಠ 4 ಪಿಪಿಎಂ. ಟೆಸ್ಟ್ ಸ್ಟ್ರಿಪ್ ಅದ್ದಿ ನೋಡಲು ಒಂದು ನಿಮಿಷ ಸಾಕು. ಪಿಎಚ್ ಪದೇ ಪದೇ ಏರುಪೇರಾಗುತ್ತಿದ್ದರೆ ಮೊದಲು ಆಲ್ಕಲಿನಿಟಿಯನ್ನು 80ರಿಂದ 120 ಪಿಪಿಎಂಗೆ ತನ್ನಿ.

ಇಷ್ಟು ಕಟ್ಟುನಿಟ್ಟು ಯಾಕೆ? ಬಿಸಿನೀರಲ್ಲಿ ಕ್ಲೋರಿನ್ ಬೇಗ ಖಾಲಿಯಾಗುತ್ತೆ. ಆಗ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾ ಬೆಳೆದರೆ ಮೈಮೇಲೆ ಕೆಂಪು ಗುಳ್ಳೆ ಏಳುತ್ತೆ. ಲೀಜನೆಲ್ಲಾ ಇನ್ನೂ ಅಪಾಯಕಾರಿ. ಅದು ನೀರಿನ ಸಣ್ಣ ಹನಿಗಳ ಜೊತೆ ಉಸಿರಿಗೆ ಸೇರಿ ತೀವ್ರ ನ್ಯುಮೋನಿಯಾ ತರುತ್ತೆ. 1999ರಲ್ಲಿ ನೆದರ್ಲೆಂಡ್ಸ್‌ನ ಬೊವೆನ್‌ಕಾರ್ಸ್ಪೆಲ್‌ನ ಹೂವಿನ ಪ್ರದರ್ಶನವೊಂದರಲ್ಲಿ ಮಾರಾಟಕ್ಕೆ ಅಂತ ಇಟ್ಟಿದ್ದ ಗುಳ್ಳೆನೀರಿನ ಟಬ್ಬಿನಿಂದ ಇದು ಹರಡಿ 30ಕ್ಕೂ ಹೆಚ್ಚು ಜನ ಸತ್ತರು. ಟಬ್ಬಿಗೆ ಇಳಿಯೋದೇ ಬೇಕಿರಲಿಲ್ಲ, ಅದು ಇದ್ದ ಸಭಾಂಗಣದಲ್ಲಿ ಓಡಾಡಿದ್ದೇ ಸಾಕಾಗಿತ್ತು.

ಇನ್ನೊಂದು ವಿಷಯ. ಮುಚ್ಚಳ ತೆಗೆದಾಗ ಮೂಗಿಗೆ ಘಾಟು ಹೊಡೆದರೆ ಕ್ಲೋರಿನ್ ಜಾಸ್ತಿಯಾಗಿದೆ ಅಂತ ಅಂದ್ಕೋತೀವಿ. ಎಷ್ಟೋ ಸಲ ಅದು ಉಲ್ಟಾ. ಬೆವರು, ಮೈಕೊಳೆ ಜೊತೆ ಸೇರಿ ಕ್ಲೋರಿನ್ ಸವೆದಾಗ ಹುಟ್ಟುವ ಕ್ಲೋರಮೈನ್‌ನ ವಾಸನೆ ಅದು. ವಾಸನೆ ನಂಬಬೇಡಿ, ಸ್ಟ್ರಿಪ್ ನಂಬಿ.

ಕೆಮಿಕಲ್‌ಗಳನ್ನು ಒಂದಾದ ಮೇಲೆ ಒಂದು, ಮುಚ್ಚಳ ತೆಗೆದು, ಪಂಪ್ ಓಡುತ್ತಿರುವಾಗಲೇ ಹಾಕಿ. ಕ್ಲೋರಿನ್ ಮತ್ತು ಆಸಿಡ್ ಯಾವತ್ತೂ ಒಂದಕ್ಕೊಂದು ತಾಕಬಾರದು, ವಿಷಾನಿಲ ಬರುತ್ತೆ.

ಎಣ್ಣೆ ತಲೆ, ಉದ್ದ ಜಡೆ

ಭಾನುವಾರದ ಎಣ್ಣೆ ಸ್ನಾನಕ್ಕೂ ಹಾಟ್ ಟಬ್ಬಿಗೂ ಆಗಿಬರೋಲ್ಲ. ತಲೆಯ ಕೊಬ್ಬರಿ ಎಣ್ಣೆ, ಮೈಯ ಲೋಶನ್ ನೀರಿಗಿಳಿದರೆ ನೊರೆ ಏಳುತ್ತೆ, ಫಿಲ್ಟರ್ ಕಟ್ಟಿಕೊಳ್ಳುತ್ತೆ, ಕ್ಲೋರಿನ್ ಖರ್ಚಾಗುತ್ತೆ. ಇಳಿಯುವ ಮುಂಚೆ ಎಲ್ಲರೂ ಒಮ್ಮೆ ಮೈ ತೊಳೆದುಕೊಂಡು ಬರಲಿ.

ಜಡೆ ಬಿಟ್ಟವರು ಕೂದಲನ್ನು ಮೇಲೆತ್ತಿ ಕಟ್ಟಿಕೊಳ್ಳಲಿ. ನೀರು ಎಳೆದುಕೊಳ್ಳುವ ಡ್ರೈನ್‌ಗೆ ಕೂದಲು ಅಥವಾ ಮೈ ಸಿಕ್ಕಿಕೊಂಡರೆ ಬಿಡಿಸೋದು ಕಷ್ಟ. 2002ರಲ್ಲಿ ಅಮೆರಿಕದಲ್ಲಿ ಏಳು ವರ್ಷದ ಹುಡುಗಿ ಹಾಟ್ ಟಬ್ಬಿನ ಡ್ರೈನ್‌ಗೆ ಸಿಕ್ಕಿ ತೀರಿಕೊಂಡಳು. ಆಕೆಯ ಹೆಸರಲ್ಲೇ 2007ರಲ್ಲಿ ಡ್ರೈನ್ ಮುಚ್ಚಳದ ಕಾನೂನು ಬಂತು. ಹಳೆ ಮನೆ ಜೊತೆ ಟಬ್ ಬಂದಿದ್ದರೆ, ಆ ಮುಚ್ಚಳ ಒಡೆದಿದೆಯಾ, ಸಡಿಲವಾಗಿದೆಯಾ ಅನ್ನೋದನ್ನೇ ಮೊದಲು ನೋಡಿ.

ಅಪ್ಪ-ಅಮ್ಮ ಬಂದಾಗ

ಆರು ತಿಂಗಳಿಗೆ ಅಂತ ಊರಿಂದ ಬಂದ ಅಪ್ಪನಿಗೆ ಮಂಡಿ ನೋವು. ಬಿಸಿನೀರು ಹಿತ ಅನ್ನಿಸುತ್ತೆ ನಿಜ. ಆದರೆ ಬಿಸಿಗೆ ರಕ್ತನಾಳ ಹಿಗ್ಗಿ ಬಿಪಿ ಇಳಿಯುತ್ತೆ. ಬಿಪಿ ಮಾತ್ರೆ ನುಂಗುವವರು ಥಟ್ಟನೆ ಎದ್ದರೆ ತಲೆ ಸುತ್ತಿ ಬೀಳಬಹುದು. ಬಿಪಿ, ಹೃದಯದ ತೊಂದರೆ, ಶುಗರ್ ಇದ್ದವರು ಮತ್ತು ಗರ್ಭಿಣಿಯರು ಡಾಕ್ಟರನ್ನು ಕೇಳಿಯೇ ಇಳಿಯಲಿ. ಬಿಸಿ 40 ಡಿಗ್ರಿ, ಅಂದರೆ 104 ಫ್ಯಾರನ್‌ಹೀಟ್ ದಾಟಬಾರದು. ಹಿರಿಯರಿಗೆ ಇನ್ನೂ ಕಡಿಮೆ ಇಟ್ಟು, ಹತ್ತು ನಿಮಿಷಕ್ಕೆ ನಿಲ್ಲಿಸಿ. ಐದು ವರ್ಷದೊಳಗಿನ ಮಕ್ಕಳನ್ನು ಇಳಿಸಲೇಬೇಡಿ. ಯಾರೂ ಇಲ್ಲದಾಗ ಮುಚ್ಚಳಕ್ಕೆ ಬೀಗ ಇರಲಿ. ಕೈಯಲ್ಲಿ ಬಿಯರ್ ಗ್ಲಾಸ್ ಫೋಟೋದಲ್ಲಷ್ಟೇ ಚೆಂದ.

ಊರಿಗೆ ಹೊರಟಾಗ

ಡಿಸೆಂಬರಲ್ಲಿ ಒಂದು ತಿಂಗಳು ಬೆಂಗಳೂರಿಗೆ ಹೊರಟಿರಿ, ಕರೆಂಟು ಉಳಿಯಲಿ ಅಂತ ಟಬ್ ಆಫ್ ಮಾಡಿದಿರಿ ಅಂದ್ಕೊಳ್ಳಿ. ಷಿಕಾಗೋ, ನ್ಯೂಜೆರ್ಸಿಯ ಚಳಿಗೆ ಪೈಪಿನೊಳಗಿನ ನೀರು ಹೆಪ್ಪುಗಟ್ಟಿ, ಪಂಪು, ಪೈಪು ಸೀಳಿಬಿಡುತ್ತೆ. ಕಡಿಮೆ ಬಿಸಿಯಲ್ಲಿ ಓಡಲು ಬಿಟ್ಟು, ವಾರಕ್ಕೊಮ್ಮೆ ನೋಡಲು ಪಕ್ಕದ ಮನೆಯವರಿಗೆ ಹೇಳಿ. ಇಲ್ಲವಾದರೆ ಬಲ್ಲವರಿಂದ ಪೈಪಿನ ನೀರೂ ಉಳಿಯದ ಹಾಗೆ ಪೂರ್ತಿ ಖಾಲಿ ಮಾಡಿಸಿ.

ವಾರದ ಪಟ್ಟಿ

* ವಾರಕ್ಕೆ ಎರಡು-ಮೂರು ಸಲ, ಜೊತೆಗೆ ಇಳಿಯುವ ಮುಂಚೆ ಪ್ರತಿ ಸಲ ಸ್ಟ್ರಿಪ್ ಟೆಸ್ಟ್.
* ವಾರಕ್ಕೊಮ್ಮೆ ಫಿಲ್ಟರ್ ತೆಗೆದು ಪೈಪ್ ನೀರಲ್ಲಿ ತೊಳೆಯೋದು.
* ತಿಂಗಳಿಗೊಮ್ಮೆ ಫಿಲ್ಟರನ್ನು ಅದರ ಕ್ಲೀನರ್‌ನಲ್ಲಿ ನೆನೆಸೋದು.
* ಮೂರು-ನಾಲ್ಕು ತಿಂಗಳಿಗೆ ಹೊಸ ನೀರು. ಹಳೇ ನೀರನ್ನು ಕ್ಲೋರಿನ್ ಇಳಿದ ಮೇಲೆ, ನಿಮ್ಮೂರಿನ ನಿಯಮ ನೋಡಿ ಹೊರಬಿಡಿ.

ವಾರಕ್ಕೆ ಅರ್ಧ ಗಂಟೆಯ ಕೆಲಸ. ಅಷ್ಟು ಸಮಯ ಕೊಡಲು ಮನಸ್ಸಿದ್ದರೆ ಟಬ್ ಇಟ್ಕೊಳ್ಳಿ. ಇಲ್ಲ ಅಂದರೆ ಮನೆ ಮಾರುವವರಿಗೇ ಹೇಳಿ ತೆಗೆಸಿಬಿಡಿ, ಆ ಜಾಗದಲ್ಲಿ ಒಂದು ಕರಿಬೇವಿನ ಕುಂಡ ಇಟ್ಟರೂ ಆಯ್ತು.